ಇಂಗ್ಲೆಂಡಿನ ಲೇಸ್ ಬಾಬಿನ್‌ಗಳ (ಲೇಸ್ ಹೆಣೆಯಲು ನೂಲು ಸುತ್ತಿಡುವ ಕಡ್ಡಿಗಳ) ತುದಿಗೆ ಮಣಿ ಯಾಕೆ ಕಟ್ಟಿರುತ್ತಾರೆ?

ಮುಖ್ಯವಾಗಿ ತೂಕಕ್ಕೆ, ಜೊತೆಗೆ ಬಾಬಿನ್ ಉರುಳದಿರಲಿ ಅಂತ. ಬರೀ ಚಂದಕ್ಕಲ್ಲ.

ಬಾಬಿನ್ ಲೇಸ್ ಅಂದರೆ ದಿಂಬಿಗೆ ಗುಂಡುಸೂಜಿ ಚುಚ್ಚಿಕೊಂಡು, ಎಳೆಗಳನ್ನು ಒಂದರ ಮೇಲೊಂದು ದಾಟಿಸಿ, ತಿರುಚಿ ಮಾಡುವ ಹೆಣಿಗೆ. ಒಂದೊಂದು ಎಳೆಯ ತುದಿಯಲ್ಲೂ ಒಂದು ಬಾಬಿನ್ ಇರುತ್ತದೆ. ಹೆಣೆಯುವಾಗ ಗಂಟು ಹಾಕುವುದಿಲ್ಲ. ಹಾಗಾಗಿ ಎಳೆ ಸದಾ ಬಿಗಿಯಾಗಿರಬೇಕು, ಆ ಬಿಗಿ ಬರುವುದು ಬಾಬಿನ್‌ನ ಭಾರದಿಂದ. ಆದರೆ ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಕಡೆಯ ಮರದ, ಮೂಳೆಯ ಬಾಬಿನ್‌ಗಳು ತೆಳ್ಳಗಿನ ಕಡ್ಡಿಯ ಹಾಗೆ, ತುಂಬ ಹಗುರ. ತಂತಿಗೆ ಪೋಣಿಸಿದ ಗಾಜಿನ ಮಣಿಗಳ ಪುಟ್ಟ ಬಳೆ ಅದಕ್ಕೆ ಭಾರ ಕೊಡುತ್ತದೆ. ದುಂಡನೆಯ ಕಡ್ಡಿ ದಿಂಬಿನ ಮೇಲೆ ಸುಮ್ನೆ ಉರುಳಿದರೆ ಎಳೆಯ ತಿರುಚು ಬಿಚ್ಚಿಕೊಳ್ಳುತ್ತದೆ. ಮಣಿ ಅದನ್ನೂ ತಡೆಯುತ್ತದೆ.

ಇವತ್ತಿನ ಹವ್ಯಾಸಿಗಳು ಗೆಳತಿ ಕೊಟ್ಟ ಮಣಿಯನ್ನೋ ಹಳೆಯ ಅಂಗಿಯ ಗುಂಡಿಯನ್ನೋ ನೆನಪಿಗೆ ಪೋಣಿಸಿಕೊಳ್ಳುವುದುಂಟು. ನನಗೆ ಇದು ಬಹಳ ಇಷ್ಟ.

ಆದರೆ ಇಂಗ್ಲೆಂಡಿನದೇ ಡೆವನ್ ಕಡೆಯ ಹಾನಿಟನ್ ಲೇಸ್‌ನ ಬಾಬಿನ್‌ಗಳಿಗೆ ಮಣಿ ಇರುವುದಿಲ್ಲ. ಅಲ್ಲಿ ತುಂಡುಗಳನ್ನು ಜೋಡಿಸುವಾಗ ಎಳೆಯ ಸಣ್ಣ ಕುಣಿಕೆಯೊಳಗೆ ಬಾಬಿನ್ನನ್ನೇ ತೂರಿಸಬೇಕು. ಮಣಿ ಇದ್ದರೆ ಸಿಕ್ಕಿಕೊಳ್ಳುತ್ತದೆ, ಅಲ್ವಾ? ಅದಕ್ಕೇ ಅವುಗಳ ತುದಿ ನುಣುಪಾಗಿ, ಚೂಪಾಗಿರುತ್ತದೆ.