ಎಲ್ಲರಿಗೂ ಮುಕ್ತ ಪ್ರವೇಶ: ಆದರೂ ಬಾಗಿಲು ಮುಚ್ಚಿತ್ತೇಕೆ?

ಓದುಗರ ಪತ್ರ

‘ನಿಮ್ಮ ಪತ್ರಿಕೆಯ ಕಾರ್ಯಕ್ರಮ ಪುಟ ನೋಡಿಕೊಂಡು ವಿಶ್ವವಿದ್ಯಾಲಯದ ಉಪನ್ಯಾಸ, ಪ್ರದರ್ಶನಗಳಿಗೆ ಹೋಗುತ್ತಿರುತ್ತೇನೆ. ನಾನು ಅಲ್ಲಿನ ವಿದ್ಯಾರ್ಥಿಯೂ ಅಲ್ಲ, ಅಧ್ಯಾಪಕನೂ ಅಲ್ಲ. ಒಂದು ಉಪನ್ಯಾಸಕ್ಕೆ ಹೆಸರು ನೋಂದಾಯಿಸಿ ಹೋದರೂ ಸಭಾಂಗಣ ತುಂಬಿದೆ ಎಂದು ವಾಪಸು ಕಳಿಸಿದರು. ಇನ್ನೊಂದಕ್ಕೆ ಜಾಗ ಸಿಕ್ಕಿತು, ಹಿಂದಿನ ಸಾಲಿನಲ್ಲಿ ಒಂದು ಮಾತೂ ತಿಳಿಯಲಿಲ್ಲ. ಹಸ್ತಪ್ರತಿ ಪ್ರದರ್ಶನದಲ್ಲಿ ಕತ್ತಲೆಯೋ ಕತ್ತಲೆ. ಕರಪತ್ರದಲ್ಲಿ ಅಚ್ಚಾಗಿದ್ದ ಚಿತ್ರದ ಪುಟವೇ ಅಲ್ಲಿರಲಿಲ್ಲ. ಸಂಗೀತಕ್ಕೆ ಹತ್ತು ನಿಮಿಷ ತಡವಾದದ್ದಕ್ಕೆ ಬಾಗಿಲಲ್ಲೇ ನಿಲ್ಲಿಸಿದರು. ವಿದೇಶದ ಆನ್‌ಲೈನ್ ಉಪನ್ಯಾಸಕ್ಕೆ ಸೇರಿಕೊಂಡಾಗ ಭಾಷಣಕಾರರು ವಂದನೆ ಹೇಳುತ್ತಿದ್ದರು. ಇಂಥ ಪ್ರಕಟಣೆಗಳನ್ನು ಅಚ್ಚು ಹಾಕಿ ಪ್ರಯೋಜನವೇನು?’

ಸಂಪಾದಕರ ಉತ್ತರ

ಮಾನ್ಯರೇ,

ನೀವು ಹೇಳಿದ ಆರು ತೊಂದರೆಗಳಿಗೆ ಆರು ಬೇರೆ ಬೇರೆ ಕಾರಣಗಳಿವೆ. ಹೊರಗಿನವರನ್ನು ದೂರ ಇಡುವ ಹುನ್ನಾರ ಅವುಗಳಲ್ಲಿ ಒಂದರಲ್ಲೂ ಇಲ್ಲ. ಸ್ಕಾಟ್ಲೆಂಡಿನ ನ್ಯಾಯಾಧೀಶ ಆಡಂ ಗಿಫರ್ಡ್ 1885ರ ಉಯಿಲಿನಲ್ಲಿ ಅಲ್ಲಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಹಣ ಬಿಟ್ಟಾಗ, ಉಪನ್ಯಾಸಗಳು ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಇಡೀ ಸಮುದಾಯಕ್ಕೆ ತೆರೆದಿರಬೇಕು ಎಂದು ಬರೆಸಿದ್ದರು. 1888ರಲ್ಲಿ ಶುರುವಾದ ಆ ದತ್ತಿ ಉಪನ್ಯಾಸಗಳು ಇಂದಿಗೂ ನಡೆಯುತ್ತಿವೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯ 1683ರಲ್ಲೇ ಸಾರ್ವಜನಿಕರಿಗೆ ಬಾಗಿಲು ತೆರೆದಿತ್ತು. ಹಾಗಾಗಿ ಒಳಗೆ ಬರುವ ಹಕ್ಕಿನ ಬಗ್ಗೆ ಸಂಕೋಚ ಬೇಡ. ತೊಡಕಿರುವುದು ನಾಲ್ಕು ಸಾಲಿನ ಪ್ರಕಟಣೆ ಹೇಳದೆ ಬಿಡುವ ಲೆಕ್ಕಗಳಲ್ಲಿ.

ಮೊದಲು ಆಸನದ ಮಾತು. ಪ್ರವೇಶ ಉಚಿತವಾದಾಗ ಹೆಸರು ಕೊಟ್ಟವರಲ್ಲಿ ಒಂದು ದೊಡ್ಡ ಪಾಲು ಬರುವುದೇ ಇಲ್ಲ. ಇದು ಗೊತ್ತಿರುವ ಸಂಘಟಕರು ಇರುವ ಆಸನಗಳಿಗಿಂತ ಹೆಚ್ಚು ಹೆಸರು ತೆಗೆದುಕೊಳ್ಳುತ್ತಾರೆ. ಉದಾಹರಣೆಗೆ 200 ಆಸನದ ಸಭಾಂಗಣ ಎನ್ನಿ. ಹತ್ತರಲ್ಲಿ ಮೂವರು ತಪ್ಪಿಸಿಕೊಳ್ಳುತ್ತಾರೆ ಎಂದು ಅಂದಾಜು ಮಾಡಿ 280 ಹೆಸರು ಬರೆದುಕೊಂಡರೆ 196 ಜನ ಬರಬೇಕು. ಆ ದಿನ ಹತ್ತರಲ್ಲಿ ಇಬ್ಬರೇ ತಪ್ಪಿಸಿಕೊಂಡರೆ ಬರುವವರು 224, ಅಂದರೆ 24 ಜನ ಹೊರಗೆ. ಹಿಂದೆ ನಿಲ್ಲುತ್ತೇವೆ ಎಂದರೂ ಬಿಡುವಂತಿಲ್ಲ, ಯಾಕೆಂದರೆ ಅಗ್ನಿ ಸುರಕ್ಷತೆಯ ನಿಯಮದಲ್ಲಿ ಸಭಾಂಗಣಕ್ಕೆ ಗರಿಷ್ಠ ಸಂಖ್ಯೆ ನಿಗದಿಯಾಗಿರುತ್ತದೆ, ನಡುದಾರಿ ಖಾಲಿ ಇರಲೇಬೇಕು. ನಿಮಗೆ ಬಂದ ಇಮೇಲಿನ ಕೊನೆಯ ಸಾಲುಗಳನ್ನು ಓದಿ ನೋಡಿ. ‘ಮೊದಲು ಬಂದವರಿಗೆ ಆದ್ಯತೆ’ ಎಂದೋ, ‘ಆರಂಭಕ್ಕೆ ಹತ್ತು ನಿಮಿಷ ಮುಂಚೆ ಉಳಿದ ಆಸನ ಬಿಟ್ಟುಕೊಡಲಾಗುವುದು’ ಎಂದೋ ಬಹುಪಾಲು ಅಲ್ಲೇ ಇರುತ್ತದೆ. ಹೀಗಿದ್ದರೆ 25 ನಿಮಿಷ ಮುಂಚೆ ಬಾಗಿಲ ಬಳಿ ಇರಬೇಕು. ಪಕ್ಕದ ಕೊಠಡಿಯಲ್ಲಿ ಪರದೆಯ ಮೇಲೆ ನೇರಪ್ರಸಾರ ಇದೆಯೇ ಎಂದು ಬಾಗಿಲಲ್ಲಿ ಕೇಳಿ. ಎಷ್ಟೋ ಕಡೆ ಇರುತ್ತದೆ, ಹೇಳುವವರಿರುವುದಿಲ್ಲ. ‘ನೋಂದಣಿ ಮುಗಿದಿದೆ’ ಎಂದು ಕಂಡರೂ ಕಾಯುವ ಪಟ್ಟಿಗೆ ಹೆಸರು ಹಾಕುವುದು ವ್ಯರ್ಥವಲ್ಲ. ಜನ ಹೆಸರು ಹಿಂತೆಗೆದುಕೊಳ್ಳುವುದು ಸಾಮಾನ್ಯವಾಗಿ ಹಿಂದಿನ ಸಂಜೆ, ನೆನಪಿನ ಇಮೇಲು ಬಂದ ಮೇಲೆ.

ಕಾರ್ಯಕ್ರಮದ ಬಗೆಯನ್ನೂ ಗಮನಿಸಬೇಕು. ದತ್ತಿ ಉಪನ್ಯಾಸ ಸಾಮಾನ್ಯ ಕೇಳುಗರಿಗೆಂದೇ ಸಿದ್ಧವಾದದ್ದು. ಹೊಸದಾಗಿ ಪೀಠಕ್ಕೆ ಬಂದ ಪ್ರಾಧ್ಯಾಪಕರ ಮೊದಲ ಉಪನ್ಯಾಸದಲ್ಲಿ ಮುಂದಿನ ಸಾಲುಗಳು ಬಂಧುಗಳಿಗೂ ಸಹೋದ್ಯೋಗಿಗಳಿಗೂ ಮೀಸಲು, ಹಾಗಾಗಿ 200ರ ಸಭಾಂಗಣ ನಿಮ್ಮ ಪಾಲಿಗೆ 150ರದು. ವಿಭಾಗದ ವಾರದ ಸೆಮಿನಾರಿಗೆ ನೋಂದಣಿ ಇರುವುದಿಲ್ಲ, ಯಾರೂ ತಡೆಯುವುದಿಲ್ಲ, ಆದರೆ ಆ ಮಾತು ಆ ವಿಷಯದಲ್ಲಿ ಕೆಲಸ ಮಾಡುವವರಿಗಾಗಿ. ಸಾರಾಂಶ ಓದಿದಾಗ ಅರ್ಧದಷ್ಟೂ ತಿಳಿಯದಿದ್ದರೆ ಅದನ್ನು ಬಿಟ್ಟು ಅದೇ ವ್ಯಕ್ತಿಯ ಸಾರ್ವಜನಿಕ ಉಪನ್ಯಾಸಕ್ಕೆ ಕಾಯುವುದು ಲೇಸು.

ಇನ್ನು ಕೇಳಿಸದ ಮಾತು. ತಪ್ಪು ನಿಮ್ಮ ಕಿವಿಯದಲ್ಲ, ಬಹುಶಃ ಭಾಷಣಕಾರರದೂ ಅಲ್ಲ. ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣ ಭಾಷಣಕ್ಕೂ ಸಂಗೀತಕ್ಕೂ ಘಟಿಕೋತ್ಸವಕ್ಕೂ ಒಂದೇ. ಸದ್ದು ನಿಂತ ಮೇಲೆ ಅದರ ಅನುರಣನ, ಅಂದರೆ ಗೋಡೆ ಚಾವಣಿಗಳಿಗೆ ಬಡಿದು ಉಳಿಯುವ ದನಿ, 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವನ್ನು ಅನುರಣನ ಕಾಲ ಎನ್ನುತ್ತಾರೆ. ವಾದ್ಯವೃಂದಕ್ಕೆ ಅದು ಎರಡು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚೆಂದ. ಮಾತಿಗೆ ಒಂದು ಸೆಕೆಂಡಿಗಿಂತ ಕಡಿಮೆ ಇರಬೇಕು. ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತೇವೆ. ಅನುರಣನ ಉದ್ದವಾದರೆ ಒಂದು ಅಕ್ಷರದ ಬಾಲ ಮುಂದಿನ ಅಕ್ಷರಗಳ ಮೇಲೆ ಬೀಳುತ್ತದೆ. ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಕಡಿಮೆ. ಹೀಗಾಗಿ ದನಿ ಕಿವಿಗೆ ಬೀಳುತ್ತದೆ, ಪದ ಮಾತ್ರ ತಿಳಿಯುವುದಿಲ್ಲ. ಧ್ವನಿವರ್ಧಕದ ಸದ್ದು ಏರಿಸಿದರೆ ಅನುರಣನವೂ ಜೊತೆಗೇ ಏರುತ್ತದೆ, ಏನೂ ಸುಧಾರಿಸದು. ಉಪಾಯ ಒಂದೇ, ಹತ್ತಿರ ಕೂರುವುದು. ಮೂಲದಿಂದ ನೇರವಾಗಿ ಬರುವ ಸದ್ದು ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಅನುರಣನ ಮಾತ್ರ ಸಭಾಂಗಣದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮುಂದಿನ ಮೂರನೇ ಒಂದು ಭಾಗದಲ್ಲಿ, ಧ್ವನಿವರ್ಧಕ ಮುಖಮಾಡಿರುವ ಕಡೆ ಜಾಗ ಹಿಡಿಯಿರಿ. ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳು ಬೇಡವೇ ಬೇಡ.

ಶ್ರವಣಸಾಧನ ಬಳಸುವವರಿಗೆ ಇನ್ನೊಂದು ವಿಷಯ. ಕೆಲವು ಸಭಾಂಗಣಗಳ ನೆಲದಲ್ಲಿ ತಂತಿಯ ಸುರುಳಿ ಹುದುಗಿರುತ್ತದೆ, ಕಿವಿಯ ಚಿತ್ರವಿರುವ ಫಲಕ ಅದರ ಗುರುತು. ಸಾಧನದಲ್ಲಿ ಈ ಸುರುಳಿಯ ಸಂಕೇತ ಹಿಡಿಯುವ ಟೆಲಿಕಾಯಿಲ್ ಇದ್ದು, ಅದನ್ನು ‘ಟಿ’ ಸ್ಥಾನಕ್ಕೆ ತಂದರೆ ಮೈಕಿನ ಸದ್ದು ಅನುರಣನವಿಲ್ಲದೆ ನೇರ ಕಿವಿಗೆ ಬರುತ್ತದೆ. ಆದರೆ ಸುರುಳಿಗೆ ಹೋಗುವುದು ಮೈಕಿಗೆ ಬಿದ್ದ ಮಾತು ಮಾತ್ರ. ‘ನನಗೆ ಮೈಕ್ ಬೇಡ, ನನ್ನ ದನಿ ದೊಡ್ಡದು’ ಎನ್ನುವ ಮಹನೀಯರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಪ್ರಶ್ನೆ ಧ್ವನಿಮುದ್ರಣಕ್ಕೂ ಸಿಗುವುದಿಲ್ಲ, ಶ್ರವಣಸಾಧನದವರಿಗೂ ದಕ್ಕುವುದಿಲ್ಲ. ನೀವು ಪ್ರಶ್ನೆ ಕೇಳುವುದಾದರೆ ಮೈಕ್ ಕೈಗೆ ಬರುವವರೆಗೂ ಬಾಯಿ ತೆರೆಯಬೇಡಿ.

ಹಸ್ತಪ್ರತಿ ಪ್ರದರ್ಶನದ ಕತ್ತಲೆ ಬೇಕೆಂದೇ ಮಾಡಿದ್ದು. ಕಾಗದ, ಬಟ್ಟೆ, ಜಲವರ್ಣ, ಸಸ್ಯಮೂಲದ ಬಣ್ಣ ಇವಕ್ಕೆ ಬೆಳಕು ಮಾಡುವ ಹಾನಿ ಹಿಂದಕ್ಕೆ ಹೋಗುವುದಿಲ್ಲ, ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಸಂಗ್ರಹಾಲಯಗಳು ಇಂಥ ವಸ್ತುಗಳಿಗೆ ಸುಮಾರು 50 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ) ಮಿತಿ ಇಟ್ಟುಕೊಂಡಿವೆ. ತೈಲವರ್ಣಕ್ಕೆ 150ರಿಂದ 200. ಕಲ್ಲು, ಲೋಹ, ಮಡಕೆಗಳಿಗೆ ಬೆಳಕಿನ ಭಯವಿಲ್ಲ. ನೀವು ಓದುವ ಮೇಜಿನ ಮೇಲೆ ಬೇಕಾಗುವುದು 300ರಿಂದ 500 ಲಕ್ಸ್. ಲೆಕ್ಕ ಹಾಕಿ: 50 ಲಕ್ಸಿನಲ್ಲಿ ದಿನಕ್ಕೆ 8 ಗಂಟೆಯಂತೆ 90 ದಿನ ಇಟ್ಟರೆ 36,000 ಲಕ್ಸ್-ಗಂಟೆ. ಅದೇ ಪುಟವನ್ನು 300 ಲಕ್ಸಿನಲ್ಲಿಟ್ಟರೆ ಅಷ್ಟೇ ಬೆಳಕು 15 ದಿನದಲ್ಲಿ ಬಿದ್ದಿರುತ್ತದೆ. ಅಂದರೆ ಮೂರು ತಿಂಗಳ ಪ್ರದರ್ಶನ ಎರಡು ವಾರಕ್ಕೆ ಮುಗಿಯಬೇಕಾಗುತ್ತದೆ.

ಬಿಸಿಲಿನಿಂದ ನೇರ ಒಳಗೆ ಬಂದಾಗ ಮೊದಲ ಕೆಲವು ನಿಮಿಷ ಸರಿಯಾಗಿ ಕಾಣುವುದಿಲ್ಲ. ಪ್ರವೇಶದ ಬಳಿಯ ಗೋಡೆಬರಹ ಓದುತ್ತಾ ಏಳೆಂಟು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಫೋನಿನ ಟಾರ್ಚ್ ಹಾಕಬೇಡಿ: ಪೆಟ್ಟಿಗೆಯ ಗಾಜಿನಲ್ಲಿ ಅದೇ ಹೊಳೆದು ಇರುವುದೂ ಮರೆಯಾಗುತ್ತದೆ. ವಯಸ್ಸಾದಂತೆ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ ಹಿರಿಯರಿಗೆ ಇದೇ 50 ಲಕ್ಸ್ ಇನ್ನೂ ಮಂಕು. ಇಲ್ಲಿ ಮಾತ್ರ ನಿಮ್ಮ ದೂರು ನ್ಯಾಯವಾದದ್ದು. ಪುಟಕ್ಕೆ ಕಡಿಮೆ ಬೆಳಕು ಬೇಕು ನಿಜ, ಆದರೆ ವಿವರಣಾ ಫಲಕದ ಮೇಲೆ ಬೂದು ಹಿನ್ನೆಲೆಗೆ ಬೂದು ಸಣ್ಣಕ್ಷರ ಹಾಕಲು ಯಾವ ಸಂರಕ್ಷಣಾ ನಿಯಮವೂ ಹೇಳುವುದಿಲ್ಲ. ದೊಡ್ಡಕ್ಷರದ ಮುದ್ರಿತ ಪ್ರತಿ ಇದೆಯೇ ಎಂದು ಮೇಜಿನಲ್ಲಿ ಕೇಳಿ, ಇಲ್ಲವೆಂದರೆ ಅಭಿಪ್ರಾಯ ಪುಸ್ತಕದಲ್ಲಿ ಬರೆಯಿರಿ. ಅದನ್ನು ಓದುವವರಿದ್ದಾರೆ.

ಕಾಣೆಯಾದ ಚಿತ್ರದ ವಿಷಯ. ಹೊಲಿದು ಕಟ್ಟಿದ ಪುಸ್ತಕದಲ್ಲಿ ಒಂದು ಸಲಕ್ಕೆ ತೋರಿಸಲಾಗುವುದು ಎದುರುಬದುರಿನ ಎರಡು ಪುಟ ಮಾತ್ರ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟರೆ ಬಣ್ಣ ಮಾಸುವುದಲ್ಲದೆ ಬೆನ್ನಿನ ಹೊಲಿಗೆಗೂ ಪೆಟ್ಟು. ಹಾಗಾಗಿ ನಡುನಡುವೆ ಪುಟ ಮಗುಚುತ್ತಾರೆ, ಕೆಲವೊಮ್ಮೆ ಮೂಲವನ್ನೇ ತೆಗೆದು ನಕಲು ಪ್ರತಿ ಇಡುತ್ತಾರೆ. ಎರವಲು ತಂದ ವಸ್ತುವಾದರೆ ಎಷ್ಟು ದಿನ, ಎಷ್ಟು ಬೆಳಕು ಎಂಬುದು ಕೊಟ್ಟವರ ಷರತ್ತು. ಅಂಥದ್ದು ಪ್ರದರ್ಶನ ಮುಗಿಯುವ ಮೊದಲೇ ಮರಳಿ ಹೋಗುವುದುಂಟು. ಕರಪತ್ರದ ಚಿತ್ರವನ್ನು ಆರಿಸುವುದೋ ತಿಂಗಳುಗಳ ಮುಂಚೆ. ಒಂದು ನಿರ್ದಿಷ್ಟ ಪುಟಕ್ಕಾಗಿಯೇ ಹೋಗುವುದಾದರೆ ‘ಈ ವಾರ ಯಾವ ಪುಟ ತೆರೆದಿದೆ, ಯಾವತ್ತು ಮಗುಚುತ್ತೀರಿ’ ಎಂದು ಮೊದಲೇ ಫೋನಿನಲ್ಲಿ ಕೇಳಿ. ಗ್ರಂಥಪಾಲಕರು ಸಂತೋಷದಿಂದ ಹೇಳುವ ಪ್ರಶ್ನೆ ಇದು. ನಮ್ಮ ಸಲಹೆ ಕೇಳಿದರೆ ಎರಡು ಸಲ ಹೋಗಿ, ಪುಟ ಮಗುಚುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಅದರಲ್ಲೊಂದು ಪ್ರದರ್ಶನ ರೂಪಿಸಿದ ಕ್ಯುರೇಟರ್ ಜೊತೆಗಿನ ಸುತ್ತಾಟದ ದಿನವಾಗಿರಲಿ. ಅದಕ್ಕೆ ಸಣ್ಣ ಗುಂಪನ್ನಷ್ಟೇ ಬಿಡುತ್ತಾರೆ, ಹೆಸರು ಬೇಗ ತುಂಬುತ್ತದೆ. ಉದ್ಘಾಟನೆಯ ಸಂಜೆ ಸಾಮಾನ್ಯವಾಗಿ ಆಹ್ವಾನಿತರಿಗೆ, ಸಾರ್ವಜನಿಕರಿಗೆ ಮಾರನೆಯ ದಿನದಿಂದ. ಕೊನೆಯ ಪ್ರವೇಶ ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ನಿಲ್ಲುವುದುಂಟು. ಒದ್ದೆ ಕೊಡೆಯನ್ನು ಹೊರಗಿಡಿಸುವುದೂ ಶಿಸ್ತಿನ ಹಟಕ್ಕಲ್ಲ. ಒಳಗಿನ ತೇವಾಂಶ ಏರಿಳಿದರೆ ಚರ್ಮದ ಹಾಳೆ ಸುಕ್ಕುಗಟ್ಟುತ್ತದೆ.

ಸಂಗೀತ ಕಾರ್ಯಕ್ರಮದ ಬಾಗಿಲು ಕೃತಿಗಳ ನಡುವಿನ ಬಿಡುವಿನಲ್ಲಿ ಮಾತ್ರ ತೆರೆಯುತ್ತದೆ, ಮೊದಲ ಕೃತಿ ಉದ್ದವಾಗಿದ್ದರೆ ಅಷ್ಟೂ ಹೊತ್ತು ಹೊರಗೇ. ಉಪನ್ಯಾಸದಲ್ಲಿ ಇದಕ್ಕೆ ತಿರುವುಮುರುವಾದ ರೂಢಿಯೂ ಇದೆ: ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಗಂಟೆಯ ಮುಂದೆ ‘ಸಿ.ಟಿ.’ ಎಂದಿದ್ದರೆ ಆರಂಭ 15 ನಿಮಿಷ ತಡವಾಗಿ, ‘ಎಸ್.ಟಿ.’ ಎಂದಿದ್ದರೆ ಹೇಳಿದ ಹೊತ್ತಿಗೇ.

ಆನ್‌ಲೈನ್ ಉಪನ್ಯಾಸ ನಿಮಗೆ ತಪ್ಪಿದ್ದು ಮಾರ್ಚ್ ತಿಂಗಳಲ್ಲಿರಬೇಕು ಎಂಬುದು ನಮ್ಮ ಊಹೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದಲ್ಲಿ ಅದೇ ಕೆಲಸ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಗಡಿಯಾರ ಬದಲಿಸದ ನಾಡಿನಲ್ಲಿ ಕೂತು ಚಳಿಗಾಲದ ವ್ಯತ್ಯಾಸವನ್ನೇ ಹಿಡಿದು ಲೆಕ್ಕ ಹಾಕಿದವರು ಮಾರ್ಚಿನಲ್ಲಿ ಒಂದು ಗಂಟೆ ತಡವಾಗಿ ಸೇರುತ್ತಾರೆ. ಚಳಿಗಾಲದ ಹೊತ್ತಿಗೆ ಬೇಸಿಗೆಯ ಲೆಕ್ಕ ಹಿಡಿದವರು ಒಂದು ಗಂಟೆ ಮುಂಚೆ ಬಂದು ಖಾಲಿ ಪರದೆ ನೋಡುತ್ತಾರೆ. ಮನಸ್ಸಿನಲ್ಲಿ ಕೂಡಿ ಕಳೆಯುವ ಬದಲು ನೋಂದಣಿ ಪುಟದ ‘ಕ್ಯಾಲೆಂಡರ್‌ಗೆ ಸೇರಿಸಿ’ ಗುಂಡಿ ಒತ್ತಿ, ನಿಮ್ಮ ಸ್ಥಳೀಯ ಸಮಯ ತಾನಾಗಿ ಬರುತ್ತದೆ. ಆಮೇಲೆ ಮುದ್ರಿತ ವಿಡಿಯೊ ನೋಡಿದರಾಯಿತು ಎಂದು ಎಲ್ಲ ಉಪನ್ಯಾಸಕ್ಕೂ ನಂಬಿ ಕೂರಬೇಡಿ. ಇನ್ನೂ ಪ್ರಕಟವಾಗದ ಸಂಶೋಧನೆ, ಸಭಾಂಗಣದಲ್ಲಿ ತೋರಿಸಲು ಮಾತ್ರ ಅನುಮತಿ ಇರುವ ಚಿತ್ರಗಳು ಇದ್ದರೆ ವಿಡಿಯೊ ಹೊರಗೆ ಬರುವುದಿಲ್ಲ. ಸಂಗೀತದಲ್ಲಂತೂ ರಚನೆಯ ಹಕ್ಕು, ಕಲಾವಿದರ ಹಕ್ಕು, ಧ್ವನಿಮುದ್ರಣದ ಹಕ್ಕು ಮೂರೂ ಬೇರೆ ಬೇರೆ.

ನಮ್ಮ ಪುಟದ ಬಗ್ಗೆ ಎರಡು ಮಾತು. ಮಾಸಪತ್ರಿಕೆ ಅಚ್ಚಿಗೆ ಹೋಗುವಾಗ ಎಷ್ಟೋ ಉಪನ್ಯಾಸಗಳ ಕೊಠಡಿ ನಿರ್ಧಾರವಾಗಿರುವುದಿಲ್ಲ, ತರಗತಿಗಳ ವೇಳಾಪಟ್ಟಿ ಬಂದ ಮೇಲೆ ಬದಲಾಗುತ್ತದೆ. ಆದ್ದರಿಂದ ದಿನಾಂಕಕ್ಕೆ ನಮ್ಮ ಪುಟ ನೋಡಿ, ಕೊಠಡಿಗೆ ಆ ದಿನ ಬೆಳಿಗ್ಗೆ ವಿಶ್ವವಿದ್ಯಾಲಯದ ಪ್ರಕಟಣೆ ನೋಡಿ. ಬಂದ ಪ್ರತಿ ಪ್ರಕಟಣೆಯಲ್ಲೂ ದಿನಾಂಕಕ್ಕೆ ವಾರ ಹೊಂದುತ್ತದೆಯೇ ಎಂದು ನಾವು ಪರೀಕ್ಷಿಸುತ್ತೇವೆ. ಕಳೆದ ವರ್ಷದ ಪ್ರಕಟಣೆಯನ್ನೇ ತಿದ್ದಿ ಕಳಿಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ: 365 ದಿನ ಎಂದರೆ 52 ವಾರ ಮತ್ತು ಒಂದು ದಿನ, ಹಾಗಾಗಿ ಈ ವರ್ಷ ಸೋಮವಾರ ಬಿದ್ದ ದಿನಾಂಕ ಮರುವರ್ಷ ಮಂಗಳವಾರಕ್ಕೆ ಸರಿಯುತ್ತದೆ, ನಡುವೆ ಫೆಬ್ರುವರಿ 29 ಬಂದರೆ ಬುಧವಾರಕ್ಕೆ. ದಿನಾಂಕಕ್ಕೂ ವಾರಕ್ಕೂ ಹೊಂದದಿದ್ದರೆ ಫೋನ್ ಮಾಡಿ ಕೇಳಿಯೇ ಅಚ್ಚು ಹಾಕುವುದು.

ಸಂಘಟಕರೂ ಈ ಉತ್ತರ ಓದುತ್ತಿರುವುದರಿಂದ ಅವರಿಗೂ ಹೇಳಿಬಿಡುತ್ತೇವೆ. ಮುಂದಿನ ಸಂಚಿಕೆಯಿಂದ ಪ್ರತಿ ಕಾರ್ಯಕ್ರಮದ ಜೊತೆ ನಾಲ್ಕು ವಿವರ ಬೇಕು: ನೋಂದಣಿ ಮಾಡಿದವರಿಗೆ ಆಸನ ಖಚಿತವೋ ಅಲ್ಲವೋ, ಯಾವ ಭಾಷೆಯಲ್ಲಿ ಮಾತು, ಮೆಟ್ಟಿಲಿಲ್ಲದೆ ಒಳಬರುವ ಬಾಗಿಲು ಯಾವುದು, ಪ್ರದರ್ಶನವಾದರೆ ಕೊನೆಯ ಪ್ರವೇಶ ಎಷ್ಟು ಹೊತ್ತಿಗೆ. ಇವಿಲ್ಲದೆ ಬಂದ ಪ್ರಕಟಣೆಗೆ ಪುಟದಲ್ಲಿ ಜಾಗವಿರುವುದಿಲ್ಲ.

ಸಂಪಾದಕ