ಮಾಸ್ಟರ್ ಚೀಫ್ ಓಡೋಕೆ ಕಲಿತ ಕಥೆ

ಪ್ರಶ್ನೆ: ‘ಹೇಲೋ’ ವಿಡಿಯೋ ಗೇಮ್ ಸರಣಿಯಲ್ಲಿ ಹಳೆಯ ಆಟಗಳನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ದಂಡ ಅಂತ ನಮ್ಮಣ್ಣ ಹೇಳ್ತಾನೆ. ನಾನು ಶುರು ಮಾಡಿದ್ದೇ ‘ಹೇಲೋ ಇನ್ಫಿನಿಟ್’ನಿಂದ, ನನಗೆ ಅದೇ ಇಷ್ಟ. ಅವನ ಕಾಟಕ್ಕೆ ಮೊದಲನೆಯದನ್ನೂ ಆಡಿ ನೋಡಿದೆ. ಹೀರೋಗೆ ಓಡೋಕೇ ಬರಲ್ಲ! ಇಷ್ಟು ವರ್ಷದಲ್ಲಿ ನಿಜವಾಗಿ ಬದಲಾಗಿದ್ದೇನು?
(ಓದುಗರು, ದಾವಣಗೆರೆ)

ಉತ್ತರ: ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಓಡಲಾರದ ಆ ಹೀರೋನೇ ಹಳೆಯ ಹೇಲೋದ ಗುಟ್ಟು.

2001ರಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಜೊತೆಗೇ ಬಂದ ಮೊದಲ ಆಟದಲ್ಲಿ ಹೀರೋ ಮಾಸ್ಟರ್ ಚೀಫ್ ಬಳಿ ಇರುವುದು ಎರಡೇ ಬಂದೂಕು, ಮೈಮೇಲೆ ಏಟು ತಡೆಯುವ ಒಂದು ಶೀಲ್ಡ್. (ಅದಕ್ಕೂ ಮೊದಲು, 1999ರಲ್ಲಿ ಈ ಆಟವನ್ನು ವೇದಿಕೆ ಮೇಲೆ ಪರಿಚಯಿಸಿದ್ದು ಆ್ಯಪಲ್‌ನ ಸ್ಟೀವ್ ಜಾಬ್ಸ್! ಮರುವರ್ಷ ಮೈಕ್ರೋಸಾಫ್ಟ್ ಬಂದು ಆಟ ಮಾಡುತ್ತಿದ್ದ ಬಂಗೀ ಕಂಪನಿಯನ್ನೇ ಕೊಂಡುಕೊಂಡಿತು.) ಹೊಸ ಬಂದೂಕು ಬೇಕಾದರೆ ಕೈಯಲ್ಲಿರೋದನ್ನು ಬಿಸಾಡಬೇಕು. ಶೀಲ್ಡ್ ಖಾಲಿಯಾದರೆ ಬೀಪ್ ಬೀಪ್ ಅಂತ ಬಡಿದುಕೊಳ್ಳುತ್ತದೆ, ಅದು ಮತ್ತೆ ತುಂಬುವವರೆಗೆ ಬಂಡೆಯ ಹಿಂದೆ ಕೂತು ಕಾಯಬೇಕು. ಮಜಾ ಏನೆಂದರೆ ಎದುರಿನ ಎಲೀಟ್ ಅನ್ನೋ ಶತ್ರು ಯೋಧನಿಗೂ ಶೀಲ್ಡ್ ಇದೆ, ಅವನೂ ನಿಮ್ಮ ಹಾಗೇ ಅಡಗುತ್ತಾನೆ. ಪ್ಲಾಸ್ಮಾ ಪಿಸ್ತೂಲಿನ ಬಟನ್ ಒತ್ತಿ ಹಿಡಿದು, ಹಸಿರು ಉಂಡೆ ದಪ್ಪಗಾದ ಮೇಲೆ ಬಿಟ್ಟರೆ ಅವನ ಶೀಲ್ಡ್ ಒಂದೇ ಏಟಿಗೆ ಹೋಗುತ್ತದೆ, ತಕ್ಷಣ ಇನ್ನೊಂದು ಬಂದೂಕು ತೆಗೆದು ತಲೆಗೆ ಗುರಿಯಿಡಿ. ಯಜಮಾನ ಬಿದ್ದ ಕೂಡಲೇ ಅವನ ಕೈಕೆಳಗಿನ ಪುಟ್ಟ ಸೈನಿಕರಾದ ಗ್ರಂಟ್‌ಗಳು ಕೈ ಮೇಲೆತ್ತಿ ಕಿರುಚುತ್ತಾ ದಿಕ್ಕಾಪಾಲು. ಹಾಸ್ಟೆಲಿನಲ್ಲಿ ಇದನ್ನು ನೋಡೋಕೆ ಅಂತಲೇ ಆಡುತ್ತಿದ್ದೆವು.

ಈಗ ಯೋಚಿಸಿ. ಶೀಲ್ಡ್ ಹೋದವನು ಓಡಿಹೋಗಿ ತಪ್ಪಿಸಿಕೊಂಡರೆ ಅಷ್ಟು ಹೊತ್ತು ಗುರಿಯಿಟ್ಟು ಹೊಡೆದವನ ಕಷ್ಟ ನೀರಲ್ಲಿ ಹೋಮ, ಅಲ್ವಾ? ಅದಕ್ಕೇ ಎಲ್ಲರಿಗೂ ಒಂದೇ ನಡಿಗೆ.

2004ರ ಎರಡನೆಯದು ಇದನ್ನು ಮುಟ್ಟಲಿಲ್ಲ. ಎರಡೂ ಕೈಗೆ ಬಂದೂಕು ಕೊಟ್ಟಿತು, ಶತ್ರುಪಾಳಯದ ಆರ್ಬಿಟರ್ ಎಂಬ ಯೋಧನಾಗಿ ಆಡಿಸಿತು, ಗೆಳೆಯರ ಗುಂಪು ಕಟ್ಟಿಕೊಂಡು ಎಕ್ಸ್‌ಬಾಕ್ಸ್ ಲೈವ್ ಎಂಬ ಆನ್‌ಲೈನ್ ಸೇವೆಯಲ್ಲಿ ಎದುರಾಳಿ ಹುಡುಕುವುದನ್ನು ಸಲೀಸು ಮಾಡಿತು, ಆದರೆ ಕಥೆಯನ್ನು ನಡುದಾರಿಯಲ್ಲೇ ಕೈಬಿಟ್ಟಿತು. 2007ರ ಮೂರನೆಯದರಲ್ಲಿ ಮ್ಯಾಪ್ ತಿದ್ದುವ ಫೋರ್ಜ್ ಬಂತು.

ಓಟ ಶುರುವಾಗಿದ್ದು ಬಂಗೀ ಮಾಡಿದ ಕೊನೆಯ ಹೇಲೋ, 2010ರ ‘ರೀಚ್’ನಲ್ಲಿ. ಅಲ್ಲೂ ಅದು ಹಲವು ಶಕ್ತಿಗಳಲ್ಲಿ ಒಂದು, ಬೇಕಾದವರು ಆರಿಸಿಕೊಳ್ಳಬೇಕು. ಆಮೇಲೆ ಮೈಕ್ರೋಸಾಫ್ಟ್‌ನದೇ ಸ್ಟುಡಿಯೋ 343 ಇಂಡಸ್ಟ್ರೀಸ್ ಕೈಗೆ ಸರಣಿ ಹೋಯಿತು, 2012ರ ನಾಲ್ಕನೆಯದರಲ್ಲಿ ಎಲ್ಲರಿಗೂ ಓಟ ಸಿಕ್ಕಿತು. 2015ರ ಐದನೆಯದರಲ್ಲಿ ಓಡುತ್ತಿರುವಾಗ ಶೀಲ್ಡ್ ತುಂಬುವುದೇ ಇಲ್ಲ. ಓಡು ಅಂತಾರೆ, ಓಡಿದರೆ ದಂಡ ಹಾಕ್ತಾರೆ! ತಾವೇ ಕೊಟ್ಟ ಓಟ ತಮಗೇ ತಲೆನೋವು ಅಂತ ಅವರಿಗೂ ಗೊತ್ತಾಗಿತ್ತು ಅನ್ನಿಸುತ್ತದೆ.

2021ರ ಇನ್ಫಿನಿಟ್‌ನಲ್ಲಿ ಓಟ ಹೆಸರಿಗಷ್ಟೇ ಇದೆ, ನಡಿಗೆಗಿಂತ ಚೂರೇ ಜಾಸ್ತಿ ವೇಗ. ಅದರ ಬದಲು ಎಲ್ಲಾದರೂ ಸಿಕ್ಕಿಸಿ ಅಲ್ಲಿಗೆ ಹಾರುವ ಕೊಕ್ಕೆ ಹಗ್ಗ ಬಂತು. ಹಲವರು ಎದುರುಬದುರಾಗಿ ಆಡುವ ಮಲ್ಟಿಪ್ಲೇಯರ್‌ನಲ್ಲಿ ಆ ಹಗ್ಗ ಎಲ್ಲರಿಗೂ ಸಿಗಲ್ಲ, ಮ್ಯಾಪಿನಲ್ಲಿ ಬಿದ್ದಿರುವುದನ್ನು ಮೊದಲು ಹೋಗಿ ಎತ್ತಿಕೊಂಡವರಿಗೆ, ಅದೂ ಕೆಲವೇ ಸಲ. ಹಳೆಯ ಆಟದ ಬುದ್ಧಿಯೇ ಅದು. ಹಾಗಾಗಿ 4, 5ರ ವಿಷಯದಲ್ಲಿ ನಾನು ನಿಮ್ಮಣ್ಣನ ಕಡೆ, ಇನ್ಫಿನಿಟ್ ವಿಷಯದಲ್ಲಿ ನಿಮ್ಮ ಕಡೆ.

ಪ್ರಶ್ನೆ: ಮನೆಯಲ್ಲಿ ಒಂದೇ ಟಿವಿ. ತಂಗಿ ಜೊತೆ ಕೂತು ಕಥೆ ಆಡಬೇಕು. ಯಾವ ಹೇಲೋ ತಗೊಳ್ಳಲಿ?
(ಓದುಗರು, ಹಾಸನ)

ಉತ್ತರ: ಹಳೆಯ ಆಟಗಳನ್ನು ಒಟ್ಟಿಗೆ ಕೊಡುವ ‘ಮಾಸ್ಟರ್ ಚೀಫ್ ಕಲೆಕ್ಷನ್’ ತಗೊಳ್ಳಿ, ಆದರೆ ಎಕ್ಸ್‌ಬಾಕ್ಸ್‌ನದ್ದು. ಪಿಸಿಯದ್ದರಲ್ಲಿ ಪರದೆ ಎರಡು ಭಾಗ ಮಾಡುವ ಸೌಲಭ್ಯ ಕೊಟ್ಟಿಲ್ಲ. ನಾಲ್ಕನೆಯದರವರೆಗೆ ಇಬ್ಬರೂ ಆರಾಮಾಗಿ ಆಡಬಹುದು. ಐದನೆಯದರಲ್ಲಿ ಅದನ್ನೇ ಕಿತ್ತುಹಾಕಿದರು. ಇನ್ಫಿನಿಟ್‌ನ ಕಥೆಗೆ ಕೊಡ್ತೀವಿ ಅಂದಿದ್ದರು, 2022ರಲ್ಲಿ ಕೈಚೆಲ್ಲಿದರು. ಅಕ್ಕಪಕ್ಕ ಕೂತು ಮೊಣಕೈಯಲ್ಲಿ ತಿವಿದಾಡುತ್ತಾ ಆಡಿ ಬೆಳೆದವರಿಗೆ ಆ ಸಿಟ್ಟು ಇನ್ನೂ ಇದೆ.

ಪ್ರಶ್ನೆ: ಕಥೆಯ ಪ್ರಕಾರ ‘ರೀಚ್’ ಮೊದಲು ನಡೆಯುತ್ತದಂತೆ. ಅಲ್ಲಿಂದಲೇ ಶುರು ಮಾಡಲಾ?
(ಓದುಗರು, ಉಡುಪಿ)

ಉತ್ತರ: ಬೇಡ. ಬಂದ ಕ್ರಮದಲ್ಲೇ ಆಡಿ. ರೀಚ್ ಮುಗಿಯುವ ಜಾಗದಿಂದಲೇ ಮೊದಲ ಆಟ ಶುರುವಾಗುವುದು ನಿಜ, ಆದರೆ ರೀಚ್ ಅನ್ನೋ ಆ ಗ್ರಹ ಉಳಿಯಲ್ಲ ಅಂತ ಮೊದಲೇ ಗೊತ್ತಿದ್ದು ಆಡಿದರೇನೇ ಹೊಟ್ಟೆ ಹಿಂಡೋದು. ಇನ್ನೊಂದು ಮಾತು: ಮೊದಲ ಆಟದಲ್ಲಿ ಏಳನೇ ಲೆವೆಲ್ ‘ದಿ ಲೈಬ್ರರಿ’. ಅದೇ ಕಾರಿಡಾರ್, ಅದೇ ಬಾಗಿಲು, ಮುಗಿಯುವುದೇ ಇಲ್ಲ. ಶಾಟ್‌ಗನ್ ಮಾತ್ರ ಕೈ ಬಿಡಬೇಡಿ.