ಆಸ್ಪತ್ರೆಯ ಕಂಪ್ಯೂಟರಿಗೆ ಬೀಗ ಬಿದ್ದರೆ

ಪ್ರಶ್ನೆ: ನಾನು ಸಣ್ಣದೊಂದು ನರ್ಸಿಂಗ್ ಹೋಮ್‌ನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳುವ ದುಷ್ಟ ತಂತ್ರಾಂಶ) ಬಗ್ಗೆ ಸರ್ಕಾರ ಹೊರಡಿಸುವ ಎಚ್ಚರಿಕೆಗಳನ್ನು ತೋರಿಸಿದರೆ, ಇಲ್ಲಿನವರು "ಅದೆಲ್ಲ ದೊಡ್ಡ ಆಸ್ಪತ್ರೆಗಳಿಗೆ, ಹಾಗೇನಾದರೂ ಆದರೆ ದುಡ್ಡು ಕೊಟ್ಟು ಬಿಡಿಸಿಕೊಂಡರಾಯಿತು" ಎನ್ನುತ್ತಾರೆ. ಇದು ಸರಿಯೇ?
– ಓದುಗರು, ಉಡುಪಿ

ಉತ್ತರ: ಎರಡು ಮಾತೂ ಸರಿಯಲ್ಲ. 2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ಎಂಬ ಇಂಥದೇ ತಂತ್ರಾಂಶ ದೊಡ್ಡವರು, ಸಣ್ಣವರು ಎಂದು ನೋಡಲಿಲ್ಲ. ವಿಂಡೋಸ್‌ನ ಒಂದು ದೋಷವನ್ನು ಸರಿಪಡಿಸಿಕೊಳ್ಳದ ಯಂತ್ರ ಎಲ್ಲಿ ಸಿಕ್ಕಿತೋ ಅಲ್ಲಿ ನುಗ್ಗಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಪರಿಹಾರ ಒದಗಿಸಿತ್ತು, ಬ್ರಿಟನ್ನಿನ ಆರೋಗ್ಯ ಸೇವೆಯ ಡಿಜಿಟಲ್ ವಿಭಾಗವೂ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಆಸ್ಪತ್ರೆಗಳನ್ನು ಎಚ್ಚರಿಸಿತ್ತು. ಆದರೂ ಅಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು, ಆಂಬುಲೆನ್ಸ್‌ಗಳನ್ನು ಬೇರೆಡೆಗೆ ತಿರುಗಿಸಬೇಕಾಯಿತು. ಎಚ್ಚರಿಕೆ ತಲುಪಿದ್ದರೂ ಅದರಂತೆ ನಡೆಯುವ ಹೊಣೆ ಇಂಥವರದೆಂದು ಗೊತ್ತಾಗದ ಕಡೆ ಆಗುವುದೇ ಹೀಗೆ. ನಿಮ್ಮಲ್ಲಿ ಆ ಹೊಣೆ ಯಾರದು ಎಂದು ಮೊದಲು ಆಡಳಿತದವರನ್ನು ಕೇಳಿ.

ಇನ್ನು ದುಡ್ಡಿನ ಮಾತು. 2021ರಲ್ಲಿ ಐರ್ಲೆಂಡಿನ ಆರೋಗ್ಯ ಸೇವೆಯ ಮೇಲೆ ದಾಳಿ ನಡೆಸಿದವರು ಬೀಗ ತೆರೆಯುವ ಕೀಲಿಯನ್ನು ಪುಕ್ಕಟೆಯಾಗಿಯೇ ಕೊಟ್ಟರು. ಹಾಗಿದ್ದರೂ ವ್ಯವಸ್ಥೆ ಪೂರ್ತಿ ಸರಿಹೋಗಲು ತಿಂಗಳುಗಳೇ ಹಿಡಿದವು. ಅಲ್ಲಿ ಎಲ್ಲ ಶುರುವಾದದ್ದು ಮಾರ್ಚ್ 18ರಂದು ಸಿಬ್ಬಂದಿಯೊಬ್ಬರು ಇಮೇಲ್‌ನಲ್ಲಿ ಬಂದ ಎಕ್ಸೆಲ್ ಕಡತವೊಂದನ್ನು ತೆರೆದಾಗ. ದಾಳಿ ಬಯಲಾದದ್ದು ಮೇ 14ರಂದು. ಅಷ್ಟು ದಿನ ಕಳ್ಳರು ಒಳಗೇ ಇದ್ದರು.

ನಮ್ಮ ದೇಶದ ಉದಾಹರಣೆ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ನಡೆದ ಇಂಥದೇ ದಾಳಿ. ಹೊರರೋಗಿಗಳ ನೋಂದಣಿಯಿಂದ ಹಿಡಿದು ಲ್ಯಾಬ್ ವರದಿಯವರೆಗೆ ಎಲ್ಲವೂ ಕೈಬರಹಕ್ಕೆ ಮರಳಿತು. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದಲೂ ರೋಗಿಗಳು ಬರುತ್ತಾರೆ. ಹಳೆಯ ಸ್ಕ್ಯಾನ್ ಸಿಗದೆ ಅವರನ್ನು ಹಿಂದೆ ಕಳುಹಿಸುವುದು ಎಂಥ ಪಾಡೆಂದು ಊಹಿಸಿಕೊಳ್ಳಿ.

ಸಣ್ಣ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೆಂದರೆ, ಬ್ಯಾಕಪ್ ತೆಗೆದ ಹಾರ್ಡ್ ಡಿಸ್ಕನ್ನು ಬಿಲ್ಲಿಂಗ್ ಕಂಪ್ಯೂಟರಿಗೇ ಸದಾ ಸಿಕ್ಕಿಸಿಡುವುದು. ದಾಳಿಯಾದರೆ ಎರಡಕ್ಕೂ ಒಟ್ಟಿಗೆ ಬೀಗ ಬೀಳುತ್ತದೆ. ಬ್ಯಾಕಪ್ ಮುಗಿದೊಡನೆ ಡಿಸ್ಕನ್ನು ತೆಗೆದು ಕಪಾಟಿನಲ್ಲಿಡಿ, ಆಗಾಗ ಅದರಿಂದ ಒಂದೆರಡು ಕಡತಗಳನ್ನು ಮರಳಿ ತೆಗೆದು ನೋಡಿ. ಎಕ್ಸ್‌ರೇ ಯಂತ್ರದ ಹಳೆಯ ವಿಂಡೋಸನ್ನು ಬದಲಾಯಿಸಲು ಕಂಪನಿಯವರು ಒಪ್ಪದಿದ್ದರೆ (ಒಪ್ಪುವುದು ಅಪರೂಪ) ಅದನ್ನಾದರೂ ಉಳಿದ ಜಾಲದಿಂದ ಬೇರ್ಪಡಿಸಿಡಿ.

ದಾಳಿಯಾದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಅವಸರದಲ್ಲಿ ಫಾರ್ಮ್ಯಾಟ್ ಮಾಡಿದರೆ ಸಾಕ್ಷ್ಯವೆಲ್ಲ ಅಳಿಯುತ್ತದೆ. 2022ರ ಏಪ್ರಿಲ್‌ನ ನಿರ್ದೇಶನದಂತೆ, ವಿಷಯ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸುವುದು ಕಡ್ಡಾಯ. ಅದರ ಜೊತೆಗೆ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ದೂರು ಕೊಡಿ.